ಹಿನ್ನೀರಿನ ಬೆಲೆ ಮತ್ತು ನನ್ನ ಎಡಗಾಲಿನ ಚಪ್ಪಲಿ

ಗುಂತಕಲ್ಲಿನ ಆಚೆ

ಹುಬ್ಬಳ್ಳಿಯವನಿಗೆ ಪರದೇಶ ಶುರುವಾಗುವುದು ಗುಂತಕಲ್ಲಿನಿಂದ. ಅಲ್ಲಿ ಸಣ್ಣ ಗಾಡಿ ಇಳಿದು ದೊಡ್ಡ ಗಾಡಿ ಹತ್ತಬೇಕು. ಚಹಾ ಕೂಗುವವರು ಕಡಿಮೆಯಾಗಿ ಕಾಫಿ ಕೂಗುವವರು ಹೆಚ್ಚಾಗುತ್ತಾರೆ. ರೊಟ್ಟಿಯ ಗಂಟು ಬಿಚ್ಚಿದರೆ ಎದುರು ಸೀಟಿನವರು ಅದೇನೋ ಹೊಸ ಪ್ರಾಣಿ ಎಂಬಂತೆ ನೋಡುತ್ತಾರೆ. ಪಾಸ್‌ಪೋರ್ಟ್ ಕೇಳುವುದಿಲ್ಲ ಎನ್ನುವುದೊಂದನ್ನು ಬಿಟ್ಟರೆ ಮದ್ರಾಸು ನನಗೆ ವಿಲಾಯತಿಗಿಂತ ಹತ್ತಿರದ್ದೇನೂ ಆಗಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ, ನಲವತ್ತಾರನೆಯ ವಯಸ್ಸಿನಲ್ಲಿ, ನಾನು ಮೊದಲ ಸಲ ಅಲ್ಲಿಗೆ ಹೊರಟೆ.

ನನ್ನ ಉದ್ಯೋಗವನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ವಿಮೆಯ ಸರ್ವೇಯರ್. ಅರಳೆ ಗೋದಾಮು ಸುಟ್ಟಿತು, ಕಿರಾಣಿ ಅಂಗಡಿಗೆ ನೀರು ನುಗ್ಗಿತು, ಲಾರಿ ಮಗುಚಿತು ಎಂದರೆ ಅಲ್ಲಿಗೆ ಹೋಗಿ ಹಾಳಾದದ್ದರ ಬೆಲೆ ಕಟ್ಟುವವನು. ಮಾಲೀಕ ತಲೆಯ ಮೇಲೆ ಕೈ ಹೊತ್ತು ಕೂತಿರುವಾಗ ಅವನ ಕಪಾಟಿನ ಉದ್ದಗಲ ಅಳೆಯುವ ಕೆಲಸ. ನಮ್ಮದು ಸರಳ ಲೆಕ್ಕ: ಇದೇ ವಸ್ತುವನ್ನು ಹೊಸದಾಗಿ ತರಲು ಎಷ್ಟು ಬೇಕು, ಅದರಲ್ಲಿ ಬಳಸಿ ಸವೆದದ್ದು ಎಷ್ಟು. ಆ ಸವಕಳಿಯನ್ನು ಕಳೆದರೆ ಉಳಿದದ್ದೇ ಬೆಲೆ. ಜಗತ್ತಿನಲ್ಲಿ ಬೆಲೆ ಕಟ್ಟಲಾಗದ ವಸ್ತುವೇ ಇಲ್ಲ ಎಂದು ನಾನು ನಂಬಿದ್ದೆ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಒಂದೇ ಒಂದು ವರದಿಯನ್ನೂ ತಿದ್ದಿದವನಲ್ಲ. ಇದನ್ನು ಮದುವೆ ಮನೆಗಳಲ್ಲಿ ಕೂಡ ಹೇಳಿಕೊಳ್ಳುತ್ತಿದ್ದೆ.

ಹೀಗಿರುವಾಗ ನನ್ನ ಷಡ್ಡಕ ವರದರಾಜನ ಪತ್ರ ಬಂತು. ನನ್ನ ಹೆಂಡತಿಯ ತಂಗಿ ಸುಶೀಲೆಯ ಗಂಡ. ಅವನ ತಂದೆ ರೈಲ್ವೆಯಲ್ಲಿದ್ದು ಮದ್ರಾಸಿನಲ್ಲೇ ನೆಲೆ ನಿಂತವರು. ಇವನು ಅಲ್ಲಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುತ್ತಾನೆ. ಊರಿನ ಉತ್ತರಕ್ಕೆ ಸಮುದ್ರದ ಹಿನ್ನೀರೊಂದಿದೆ, ನಕ್ಷೆಯಲ್ಲಿ ಅದನ್ನು 'ಉಪಯೋಗವಿಲ್ಲದ ಜೌಗು' ಎಂದು ಬರೆದಿದ್ದಾರೆ, ಮಣ್ಣು ತುಂಬಿ ಗೋದಾಮು ಕಟ್ಟಬೇಕೆಂದಿದ್ದಾರೆ. ತುಂಬುವ ಮೊದಲು ಅದರ ಬೆಲೆ ಎಷ್ಟು ಎಂದು ಹೇಳಲು ಒಂದು ಸಮಿತಿ ಇವನನ್ನು ಕೇಳಿದೆ. "ಬೆಲೆ ಎಂದರೇನು ಎಂದು ನಮ್ಮ ಪುಸ್ತಕಗಳಲ್ಲಿ ನಾನೂರು ಪುಟ ಇದೆ. ಕಟ್ಟುವುದು ಹೇಗೆ ಎಂದು ಒಂದು ಸಾಲೂ ಇಲ್ಲ. ನೀವೇ ಬರಬೇಕು" ಎಂದು ಬರೆದಿದ್ದ.

ನನ್ನ ಹೆಂಡತಿ ಪತ್ರ ಓದಿ, "ಬೆಂಕೀದು ಮುಗೀತು, ಇನ್ನ ನೀರಿಗೂ ಗಂಟು ಬಿದ್ರೇನು?" ಎಂದಳು. ಮೂರು ವಾರ ರಜೆ ಹಾಕಿದೆ.

ರಾಯಪುರಂ

ವರದನ ಮನೆ ರಾಯಪುರಂನಲ್ಲಿ, ಬಂದರಿನ ಕ್ರೇನುಗಳು ಕಾಣುವಷ್ಟು ಹತ್ತಿರ. ಒಂದು ಕಡೆಯಿಂದ ಹಡಗಿನ ಕೂಗು, ಇನ್ನೊಂದು ಕಡೆಯಿಂದ ಒಣಮೀನಿನ ವಾಸನೆ. ನಡುವೆ ಸುಶೀಲೆ ಬಾಗಿಲಿಗೆ ರಂಗೋಲಿ ಹಾಕಿ, ತುಳಸಿಗೆ ನೀರೆರೆದು, ಆ ವಾಸನೆ ತನಗೆ ಬರುವುದೇ ಇಲ್ಲ ಎನ್ನುವ ಹಾಗೆ ಸಂಸಾರ ಮಾಡುತ್ತಾಳೆ.

ನಮ್ಮ ಕಡೆ ಎದುರಾದವರನ್ನು "ಊಟ ಆತೇನ್ರಿ?" ಎಂದು ಕೇಳುತ್ತೇವೆ. ಇಲ್ಲಿ ಬೆಳಿಗ್ಗೆ ಹೆಂಗಸರು ಒಬ್ಬರನ್ನೊಬ್ಬರು ಕೇಳುವುದು "ತಣ್ಣಿ ವಂದುದಾ?" ನೀರು ಬಂತೇ ಎಂದು. ಬೀದಿಯ ಕೈಪಂಪಿನ ಮುಂದೆ ಕೊಡಗಳ ಸಾಲು, ಕೊಡ ಇಟ್ಟವರು ಮನೆಗೆ ಹೋಗಿ ಅಡಿಗೆ ಮಾಡಿ ಬರುತ್ತಾರೆ. ಕೊಡವೇ ಅವರ ಪರವಾಗಿ ನಿಂತಿರುತ್ತದೆ, ಯಾರೂ ಮುಂದೆ ತಳ್ಳುವುದಿಲ್ಲ. ನಮ್ಮ ಹುಬ್ಬಳ್ಳಿಯಲ್ಲಾದರೆ ಕೊಡದ ಜತೆ ಅದರ ಒಡತಿಯ ಬಾಯಿಯೂ ಅಲ್ಲೇ ಇರಬೇಕಾಗುತ್ತಿತ್ತು. ಸರದಿಯನ್ನು ಇಷ್ಟು ನಂಬುವ ಜನರನ್ನು ನಾನು ಕಂಡಿರಲಿಲ್ಲ. ಆಗ ಅದನ್ನು ಇನ್ನಷ್ಟು ಗಮನಿಸಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ವರದ ಮಾತಾಡುವುದು ಅವನ ಅಜ್ಜನ ಮೈಸೂರಿನ ಕನ್ನಡ, ಆದರೆ ಅರ್ಧ ಸಾಮಾನು ತಮಿಳಿನದು. "ಕವಲೆ ಪಡಬೇಡಿ ಅಣ್ಣಾ," ಎಂದ. ಚಿಂತೆ ಬೇಡ ಎಂದರ್ಥ. "ಸೋಮವಾರ, ಗುರುವಾರ, ಭಾನುವಾರ ನನಗೆ ಫ್ರೀ. ಆ ಮೂರ್ ದಿನ ಹೋಗಿ ಎಣಿಸ್ಕೊಂಡು ಬಂದ್ರೆ ಪೋದುಮ್, ಸಾಕು. ಸಮಿತಿಯವರು ಬೇರೆ ಸೀಕ್ರಂ ಸೀಕ್ರಂ ಅಂತ ಪ್ರಾಣ ತೆಗೀತಿದಾರೆ."

ಸುಶೀಲೆಯ ಷರತ್ತು ಒಂದೇ. "ಭಾವಾ, ಮೀನಿನ ಬೆಲಿ ಕಟ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಬಂದಮ್ಯಾಲೆ ಹಿತ್ತಲ ನಲ್ಲೀಲೆ ಸ್ನಾನ ಆಗದ ಒಳಗ ಕಾಲಿಡೋಹಂಗಿಲ್ಲ." ಬದುಕಿನಲ್ಲಿ ಸೀಗಡಿಯ ರುಚಿ ನೋಡದ ಇಬ್ಬರು ಅದರ ಬೆಲೆ ಕಟ್ಟಲು ಹೊರಟೆವು.

ಹಿನ್ನೀರು, ಸೋಮವಾರ

ಬಸ್ಸಿಳಿದು ಉಪ್ಪಿನ ಗದ್ದೆಗಳ ಬದುವಿನ ಮೇಲೆ ಬಹಳ ಹೊತ್ತು ನಡೆದ ಮೇಲೆ ಅದು ಕಂಡಿತು. ನನಗೆ ನಿರಾಸೆಯಾಯಿತು. ಸಮುದ್ರದಿಂದ ಒಳಗೆ ಬಂದ ಉಪ್ಪುನೀರು ಎರಡು ಕವಲಾಗಿ ಹರಡಿಕೊಂಡಿತ್ತು, ಉತ್ತರಕ್ಕೆ ದೊಡ್ಡದು, ದಕ್ಷಿಣಕ್ಕೆ ಸಣ್ಣದು. ಇಳಿತದ ಹೊತ್ತಾದ್ದರಿಂದ ಅರ್ಧ ಬರೀ ಕಪ್ಪು ಕೆಸರು. ಅಂಚಿನಲ್ಲಿ ಬೇರುಗಳನ್ನು ಹೊರಗೆ ಚಾಚಿದ ಕುಳ್ಳ ಗಿಡಗಳು. ಕೊಳೆತ ಮೊಟ್ಟೆಯ ನಾತ. ನಕ್ಷೆ ಬರೆದವನು ತಪ್ಪೇನೂ ಬರೆದಿಲ್ಲ ಎಂದುಕೊಂಡೆ.

ಮೀನುಗಾರರ ಕುಪ್ಪ, ಅಂದರೆ ಅವರ ಹಟ್ಟಿ, ಆಚೆ ದಡದಲ್ಲಿತ್ತು. ದಕ್ಷಿಣದ ಕವಲನ್ನು ನಡೆದೇ ದಾಟಬಹುದೆಂದು ವರದ ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದ. ನಾನು ಹಿಡಿಯಲಿಲ್ಲ. ನನ್ನವು ಟಯರ್ ತಳದ ಕೊಲ್ಲಾಪುರಿ, ಹುಬ್ಬಳ್ಳಿಯ ಕಲ್ಲುಗಳನ್ನು ಮೆಟ್ಟಿ ಗೆದ್ದವು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎಡಗಾಲು ಮೊಣಕಾಲಿನವರೆಗೆ ಇಳಿಯಿತು. ಎಳೆದೆ, ಕಾಲು ಬಂತು, ಚಪ್ಪಲಿ ಬರಲಿಲ್ಲ.

ಹತ್ತಿರದಲ್ಲೇ ಯಾರೋ ನಕ್ಕರು. ಸೊಂಟದ ಮಟ್ಟ ನೀರಿನಲ್ಲಿ ಒಬ್ಬ ಹೆಂಗಸು ಬಗ್ಗಿ ನಿಂತಿದ್ದಳು. ಎರಡು ಕೈಯೂ ನೀರಿನೊಳಗೆ, ತಾಳೆಗರಿಯ ಬುಟ್ಟಿಯೊಂದರ ಅಂಚು ಹಲ್ಲಿನ ನಡುವೆ. ನಗು ತಡೆಯಲಾರದೆ ಬಾಯಿಬಿಟ್ಟಳು, ಬುಟ್ಟಿ ನೀರಿಗೆ ಬಿತ್ತು. "ಸೆರುಪ್ಪು ಪೋಚ್ಚಾ ಸಾರ್?" ಚಪ್ಪಲಿ ಹೋಯಿತೇ ಎಂದು ಕೇಳಿ ಮತ್ತೆ ನಕ್ಕಳು. ಅವಳ ಹೆಸರು ಕನ್ನಿಯಮ್ಮ, ಇರುಳರೆಂಬ ಬುಡಕಟ್ಟಿನವಳು, ಕೆಸರಿನಲ್ಲಿ ಕೈಯಾಡಿಸಿ ಸೀಗಡಿ ಹಿಡಿಯುತ್ತಾಳೆ ಎಂದು ವರದ ಅವಳನ್ನೇ ಕೇಳಿ ಹೇಳಿದ. ನಾನು ಕಾಗದ ತೆಗೆದು ನಮ್ಮ ಪದ್ಧತಿಯಂತೆ ಶುರುಮಾಡಿದೆ. ದೋಣಿ ಎಷ್ಟು? ಇಲ್ಲ. ಬಲೆ ಎಷ್ಟು? ಇಲ್ಲ. ಎರಡಕ್ಕೂ ಅಡ್ಡಗೆರೆ ಎಳೆದೆ. ಅವಳ ಹೆಸರು ಲೆಕ್ಕದಿಂದ ಹೊರಗೆ ಬಿತ್ತು.

ಕುಪ್ಪದಲ್ಲಿ ಮೂವತ್ತಮೂರು ದೋಣಿಗಳಿದ್ದವು. ನೀರಿನಲ್ಲಿದ್ದದ್ದು ಹನ್ನೊಂದು. ಮಿಕ್ಕವು ಮರಳ ಮೇಲೆ ಮಗುಚಿ ಬಿದ್ದಿದ್ದವು. ಅವುಗಳ ಗಂಡಸರು ಬೇವಿನ ಮರದ ಕೆಳಗೆ ಬಲೆ ಹೊಲಿಯುತ್ತ, ಬೀಡಿ ಸೇದುತ್ತ ಕೂತಿದ್ದರು. ಇವತ್ತು ಎಷ್ಟು ಹಿಡಿದಿರಿ ಎಂದು ವರದನ ಕೈಲಿ ಕೇಳಿಸಿದೆ. "ಇಲ್ಲೆ" ಎಂದರು, ಒಬ್ಬೊಬ್ಬರಾಗಿ, ಬಹಳ ಮರ್ಯಾದೆಯಿಂದ.

ಗುರುವಾರ ಹೋದೆವು. ಅವೇ ಹನ್ನೊಂದು ದೋಣಿಗಳು. ಭಾನುವಾರವೂ ಅವೇ. ಮರದ ಕೆಳಗೂ ಅವೇ ಮುಖಗಳು, ಅವೇ ಬೀಡಿಗಳು. ನನಗೆ ಚಿತ್ರ ಸ್ಪಷ್ಟವಾಗಿತ್ತು. ಈ ನೀರು ನಿಜವಾಗಿ ಸಾಕುವುದು ಮೂರರಲ್ಲೊಂದು ಪಾಲು ಜನರನ್ನು. ಉಳಿದವರು ಸೋಮಾರಿಗಳು, ಅವರನ್ನು ಗೋದಾಮಿನ ಕೂಲಿಗೆ ಹಚ್ಚಬಹುದು. ಇದನ್ನೇ ಬರೆದೆ.

ಸೌಕಾರ್‌ಪೇಟೆ

ಮರುದಿನ ವರದಿ ಟೈಪಾಯಿತು. ಸಹಿ ಹಾಕುವಾಗ ವರದ ಹಿಂದೆಮುಂದೆ ನೋಡಿದ. "ಅಣ್ಣಾ, ಇನ್ನೊಂದ್ ತಡವೆ ಹೋಗಿ ನೋಡೋಣ್ವಾ? ಏನೋ ಕಮ್ಮಿ ಅನ್ನಿಸ್ತಿದೆ."

"ಇಪ್ಪತ್ತೆರಡು ವರ್ಷದಾಗ ಒಂದ ವರದೀನೂ ತಿದ್ದಿಲ್ಲ ನಾ. ಕೊಟ್ಟು ಬಾ," ಎಂದೆ. ಪಾಪ, ಕೊಟ್ಟು ಬಂದ.

ನಾನು ವರದನ ಬಚ್ಚಲುಮನೆಯ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಸೌಕಾರ್‌ಪೇಟೆಗೆ ಹೋದೆ. ಅವು ನನಗೆ ಎರಡು ಬೆರಳು ಗಿಡ್ಡ. ಆ ಪೇಟೆಯಲ್ಲಿ ನನಗೆ ತವರಿಗೆ ಬಂದಷ್ಟು ಸುಖವಾಯಿತು. ಎರಡು ಕೈ ಚಾಚಿದರೆ ಎರಡೂ ಕಡೆಯ ಅಂಗಡಿ ಮುಟ್ಟುವಂಥ ಓಣಿಗಳು, ತಲೆಯೆತ್ತರಕ್ಕೆ ಸೀರೆಯ ಮೂಟೆ, ಹಿತ್ತಾಳೆಯ ಗುಡ್ಡೆ. ಪ್ರತಿಯೊಂದರ ಬೆಲೆಯನ್ನೂ ಮನಸ್ಸಿನಲ್ಲೇ ಕಟ್ಟುತ್ತ, ಬೆಂಕಿ ಬಿದ್ದರೆ ಮೊದಲು ಯಾವುದು ಹತ್ತಿಕೊಳ್ಳುತ್ತದೆಂದು ನೋಡುತ್ತ ನಡೆದೆ. ಚಪ್ಪಲಿ ಅಂಗಡಿಯಲ್ಲಿ ಎಡಗಾಲಿನದು ಒಂದೇ ಕೊಡುತ್ತೀರಾ ಎಂದು ಕೇಳಿದೆ. ಅಂಗಡಿಯವನು ಕೈಮುಗಿದು ಹೊರಬಾಗಿಲು ತೋರಿಸಿದ. ಬಲಗಾಲಿನದು ಗಟ್ಟಿಯಾಗಿರುವಾಗ ಹೊಸ ಜೋಡಿ ಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ನಾಳೆ ಹೋಗಿ ಆ ಕೆಸರನ್ನೇ ಕೆದಕಿ ನೋಡುವುದೆಂದು ತೀರ್ಮಾನಿಸಿದೆ. ಜಿಪುಣತನದಿಂದಲೂ ಒಮ್ಮೊಮ್ಮೆ ಒಳ್ಳೆಯದಾಗುತ್ತದೆ.

ಹಿನ್ನೀರು, ಮಂಗಳವಾರ

ವರದನಿಗೆ ಪಾಠವಿತ್ತು, ಒಬ್ಬನೇ ಹೋದೆ. ದಡಕ್ಕೆ ಬಂದವನು ನಿಂತುಬಿಟ್ಟೆ.

ನೀರಿನಲ್ಲಿ ಹನ್ನೊಂದು ದೋಣಿಗಳಿದ್ದವು, ಆದರೆ ಬೇರೆಯವು. ಮರದ ಕೆಳಗಿನ ನನ್ನ ಸೋಮಾರಿಗಳು ಅವುಗಳಲ್ಲಿ ನಿಂತು ಬಲೆ ಎಳೆಯುತ್ತಿದ್ದರು. ಮೂರು ದಿನ ಬೆವರು ಸುರಿಸಿದವರೆಂದು ನಾನು ಮೆಚ್ಚಿಕೊಂಡಿದ್ದವರು ಇವತ್ತು ಮರದ ಕೆಳಗೆ ಬೀಡಿ ಸೇದುತ್ತಿದ್ದರು.

ಅಲ್ಲಿದ್ದವರಲ್ಲಿ ಬಿಳಿ ಮೀಸೆಯ ಆರುಮುಗಂ ಎಂಬ ಹಿರಿಯ ನನ್ನ ಮುಖ ನೋಡಿ, "ಏನು ಸಾರ್, ಯಾರು ಕಾಣೆ ಆಯ್ತು?" ಎಂದ. ಕನ್ನಡ! ನಾನು ಬೆಚ್ಚಿಬಿದ್ದೆ.

"ನಿನಗ ಕನ್ನಡ ಬರ್ತದೇನು? ಮತ್ತ ಇಷ್ಟು ದಿನ ಯಾಕ ಸುಮ್ನಿದ್ದಿ?"

"ಮಂಗಳೂರ್ ಬೋಟ್‌ಲೆ ಎರಡ್ ವರುಷಂ ಕೆಲಸ ಪಣ್ಣಿದೆ ಸಾರ್. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

"ಇವರು ನೀರಿಗೆ ಇಳಿಯೂದಿಲ್ಲ ಅಂತ ತಿಳಿದಿದ್ದೆ."

"ಅಯ್ಯೋ ಸಾರ್, ಇವತ್ತು ಅವರ ಪಾಡು."

ಆ ಪಾಡು ಏನೆಂದು ಅವನು ಮರಳ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ. ಕುಪ್ಪದ ದೋಣಿಗಳು ಮೂರು ಗುಂಪು. ವರ್ಷಕ್ಕೊಮ್ಮೆ ಅಮ್ಮನ ಗುಡಿಯ ಮುಂದೆ ಚೀಟಿ ಎತ್ತಿ ಯಾವ ಗುಂಪಿಗೆ ಯಾವ ದಿನ ಎಂದು ನಿರ್ಧರಿಸುತ್ತಾರೆ. ಒಂದು ದಿನ ಹಿಡಿದವನು ಎರಡು ದಿನ ನೀರು ಮುಟ್ಟುವಂತಿಲ್ಲ. ಎಲ್ಲರೂ ಒಟ್ಟಿಗೆ ಇಳಿದರೆ ಹಿನ್ನೀರು ಬರಿದಾಗುತ್ತದೆ. ಅಜ್ಜನ ಅಜ್ಜನ ಕಾಲದಿಂದ ಹೀಗೆಯೇ, ಕಾವಲಿಗೆ ಪೊಲೀಸು ಬೇಕಾಗಿಲ್ಲ. ನಾನು ಹೋದ ಮೂರು ದಿನವೂ, ವರದನ ಕಾಲೇಜಿನ ವೇಳಾಪಟ್ಟಿಯ ದಯದಿಂದ, ಒಂದೇ ಗುಂಪಿನ ದಿನ.

"ನಾನು ಕೇಳಿದಾಗ ಇಲ್ಲ ಅಂದ್ರಲ್ಲೋ ಎಲ್ಲಾರೂ?"

"ನೀವು ಇವತ್ತು ಎಷ್ಟು ಅಂತ ಕೇಳ್ದಿರಿ. ಇವತ್ತು ಇಲ್ಲೆ. ನೇತ್ತು, ನಿನ್ನೆ ಎಷ್ಟು ಅಂತ ಕೇಳಿದ್ರೆ ಹೇಳ್ತಿದ್ರು."

ನನ್ನ ಫಾರ್ಮಿನಲ್ಲಿ ನಿನ್ನೆ ಎಂಬ ಕಾಲಂ ಇರಲಿಲ್ಲ. ಸುಟ್ಟ ಅಂಗಡಿಗೆ ನಿನ್ನೆ ಏಕೆ ಬೇಕು? ಮಗುಚಿಟ್ಟ ಇಪ್ಪತ್ತೆರಡು ದೋಣಿಗಳನ್ನು ನಾನು ದಂಡ ಎಂದು ಬರೆದಿದ್ದೆ, ಅವು ದಡದಲ್ಲಿ ಇದ್ದದ್ದರಿಂದಲೇ ನೀರು ಉಳಿದಿತ್ತು. ಆ ವರದಿ ನನ್ನ ಸಹಿಯೊಡನೆ ನಿನ್ನೆಯೇ ಹೋಗಿಬಿಟ್ಟಿತ್ತು.

ಕನ್ನಿಯಮ್ಮನ ಕೈ

ಅವತ್ತು ನಾಚಿಕೆಯಿಂದಲೇ ಕನ್ನಿಯಮ್ಮನನ್ನು ಹುಡುಕಿಕೊಂಡು ಹೋದೆ. ಆರುಮುಗಂ ಜತೆಗೆ ಬಂದ. ಏನು ಮಾಡುತ್ತೀ ತೋರಿಸು ಎಂದೆ. ಅವಳು ನನ್ನ ಪ್ಯಾಂಟು ನೋಡಿ, ಮಡಚಿಕೋ ಎಂದು ಸನ್ನೆ ಮಾಡಿ, ನನ್ನ ಮಣಿಕಟ್ಟು ಹಿಡಿದು ಕೈಯನ್ನು ಕೆಸರಿನೊಳಕ್ಕೆ ಇಳಿಸಿದಳು.

ಮೇಲೆ ಬೆಚ್ಚಗಿತ್ತು, ಒಳಗೆ ತಂಪು. ಮೊದಲು ಏನೂ ಇರಲಿಲ್ಲ. ಆಮೇಲೆ ಬೆರಳ ಸಂದಿಯಲ್ಲಿ ಏನೋ ಚಿಮ್ಮಿತು. ಇನ್ನೊಂದು ಅಂಗೈಗೆ ಬಡಿಯಿತು. ಮತ್ತೊಂದು ಮಣಿಕಟ್ಟಿನ ಮೇಲೆ ಹರಿದು ಹೋಯಿತು. ಕಚಗುಳಿಯಾಗಿ ಕೈ ಕಿತ್ತುಕೊಂಡೆ, ಮತ್ತೆ ನಾನಾಗಿಯೇ ಒಳಗಿಟ್ಟೆ. ನಾನು ನಿಂತಿದ್ದ ಆ ಕರಿ ರಾಡಿಯೆಲ್ಲ ಮಿಡಿಯುತ್ತಿತ್ತು. ಇಡೀ ವಾರ ಇದರ ಮೇಲೆ ನಡೆದು ಹೋಗಿ ಬಂದಿದ್ದೆನಲ್ಲ ಎಂದು ಮೈ ಜುಮ್ಮೆಂದಿತು.

ಅವಳು ಕಣ್ಣು ಮುಚ್ಚಿಕೊಂಡು ಹಿಡಿಯುತ್ತಿದ್ದಳು. ಕೈ ಮೇಲೆ ಬಂದಾಗೆಲ್ಲ ಒಂದು ಸೀಗಡಿ, ತಲೆಯಾಡಿಸಿ ಬುಟ್ಟಿಗೆ. ಬೆರಳಿಗಿಂತ ಸಣ್ಣವನ್ನು ತಿರುಗಿ ನೀರಿಗೆ ಬಿಡುತ್ತಿದ್ದಳು. ಏಕೆ ಎಂದೆ.

"ಅದು ಕಡಲಿಗೆ ಹೋಗಬೇಕಂತೆ ಸಾರ್," ಆರುಮುಗಂ ಹೇಳಿದ. "ಕಡಲ್‌ಲೆ ಮೊಟ್ಟೆ. ಮರಿ ಇಲ್ಲಿಗೆ ಬರುತ್ತೆ, ತಿಂದು ಬಲ ಆಗುತ್ತೆ, ತಿರುಗಿ ಕಡಲಿಗೆ. ನಿಮ್ಮ ರಾಯಪುರಂ ಬೋಟ್‌ನೋರು ಹಿಡಿಯೋ ಇರಾಲ್, ಈ ಸೀಗಡಿ, ಎಲ್ಲಾ ಇಲ್ಲಿ ಬೆಳೆದ ಕೂಸು."

ಅಂದರೆ ಬಂದರಿನ ಪಕ್ಕದಲ್ಲಿ ನಾನು ಪ್ರತಿದಿನ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಆ ಮೀನಿನ ರಾಶಿಗಳ ಬೇರು ಇಲ್ಲಿತ್ತು. ಆಮೇಲೆ ಅವನು ಗುಡಿಯ ಗೋಡೆಯ ಮೇಲೆ ಸುಣ್ಣದಲ್ಲಿ ಎಳೆದ ಗೆರೆಯೊಂದನ್ನು ತೋರಿಸಿದ. ಒಮ್ಮೆ ಬಿರುಗಾಳಿಯಲ್ಲಿ ಕಡಲು ಅಲ್ಲಿಯವರೆಗೆ ಬಂದಿತ್ತು, ನನ್ನ ಎದೆಯ ಮಟ್ಟ. ಹಿಂದಿನ ಊರುಗಳಿಗೆ ಹೋಗಲಿಲ್ಲ. ನೀರೆಲ್ಲ ಈ ಎರಡು ಕವಲುಗಳಲ್ಲಿ ಹರಡಿಕೊಂಡು, ಗಿಡಗಳ ಬೇರಿನಲ್ಲಿ ಸೊಕ್ಕು ಕಳೆದುಕೊಂಡು ತಿರುಗಿ ಹೋಯಿತಂತೆ. ಅಷ್ಟು ಉದ್ದದ, ಅಷ್ಟು ಎತ್ತರದ ಗೋಡೆ ಕಟ್ಟಲು ಎಷ್ಟು ಇಟ್ಟಿಗೆ ಬೇಕೆಂದು ನನ್ನ ತಲೆ ತಾನಾಗಿ ಲೆಕ್ಕ ಶುರುಮಾಡಿತು. ಅರ್ಧದಲ್ಲೇ ನಿಂತಿತು. ಗೋಡೆ ಕಟ್ಟಬಹುದು, ಅದು ಸೀಗಡಿ ಸಾಕುವುದಿಲ್ಲವಲ್ಲ. ಹೊಸದು ತರಲು ಎಷ್ಟು ಎಂದು ಎಲ್ಲ ವಸ್ತುವಿಗೂ ಕೇಳಿದವನು ನಾನು. ಇದನ್ನು ತರುವ ಪೇಟೆ ಯಾವುದೆಂದು ತಿಳಿಯದೆ ಅಲ್ಲೇ ನಿಂತೆ. ಆ ಕ್ಷಣದಲ್ಲಿ ನನಗೆ ದೇವರ ಎದುರು ನಿಂತಷ್ಟು ಭಯಭಕ್ತಿ ಬಂದಿತ್ತೆಂದರೆ ನಗಬೇಡಿ.

ಚಪ್ಪಲಿ ಸಿಗಲಿಲ್ಲ. ಕನ್ನಿಯಮ್ಮ ಒಂದಷ್ಟು ತಡಕಿ, ನಿಧಾನವಾಗಿ ನೋಡೋಣ ಎಂದಳು.

ಮತ್ತೆ ರಾಯಪುರಂ

ಹಿತ್ತಲ ನಲ್ಲಿಯ ಕೆಳಗೆ ಸ್ನಾನ ಮಾಡುತ್ತಲೇ ವರದನಿಗೆ ಎಲ್ಲ ಹೇಳಿದೆ. ಅವನು ಬಯ್ಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ನಾ ಇನ್ನೊಂದು ವರದಿ ಬರದು ಬೆಲೆಯ ಜಾಗಾ ಖಾಲಿ ಬಿಡ್ತೇನಿ," ಎಂದೆ. "ಇದಕ್ಕ ಬೆಲಿ ಕಟ್ಟೂದು ಆಗೂದಿಲ್ಲ ಅಂತ ಬರೀತೇನಿ."

"ಬೇಡಿ ಅಣ್ಣಾ," ವರದ ತಲೆಯಾಡಿಸಿದ. "ಖಾಲಿ ಬಿಟ್ರೆ ಅವರು ಸೊನ್ನೆ ಅಂತ ಓದ್ಕೋತಾರೆ. ಜೌಗಿಗೆ ಇಷ್ಟು ದಿನ ಆಗಿರೋದೇ ಅದು. ಏನಾದ್ರೂ ಹಾಕ್ಲೇಬೇಕು."

ನಾನೂರು ಪುಟ ಓದಿದವನ ಮಾತು ಅದು, ನನಗೆ ಹೊಳೆದಿರಲಿಲ್ಲ. ಮರುದಿನದಿಂದ ದಿನಾ ಹೋದೆ. ಮೂರು ಗುಂಪಿನ ದಿನಗಳನ್ನೂ ಎಣಿಸಿದೆ. ಹೊಸ ಕಾಲಂ ಎಳೆದು 'ನಿನ್ನೆ' ಎಂದು ಬರೆದೆ. ಕನ್ನಿಯಮ್ಮನಂಥ ಕೈಗಳನ್ನು ಎಣಿಸಿದೆ, ಉಪ್ಪಿನವರನ್ನು, ಹುಲ್ಲು ಕೊಯ್ಯುವವರನ್ನು, ಬಿರುಗಾಳಿಯಲ್ಲಿ ಒದ್ದೆಯಾಗದ ಮನೆಗಳನ್ನು ಎಣಿಸಿದೆ. ಪ್ರತಿದಿನ ಮೊತ್ತ ಏರುತ್ತಿತ್ತು, ಪ್ರತಿದಿನ ಬಿಟ್ಟುಹೋದದ್ದರ ಪಟ್ಟಿಯೂ ಉದ್ದವಾಗುತ್ತಿತ್ತು. ಕೊನೆಗೆ ಮೊತ್ತದ ಕೆಳಗೆ ಹೀಗೆ ಬರೆದೆವು: ಇದು ಕನಿಷ್ಠ, ನಮಗೆ ಅಳೆಯಲು ಬಾರದವು ಈ ಕೆಳಗಿನಂತಿವೆ. ಕೆಳಗಿನದು ಮೇಲಿನದಕ್ಕಿಂತ ಎರಡು ಪುಟ ಹೆಚ್ಚಾಗಿತ್ತು.

ಸಮಿತಿಯ ಮುಂದೆ

ಇದ್ದೊಂದು ಕೋಟು ಹಾಕಿಕೊಂಡು, ಕಾಲಿಗೆ ವರದನ ಗಿಡ್ಡ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಸಮಿತಿಯ ಮುಂದೆ ನಿಂತೆ. ಅಧ್ಯಕ್ಷರು ನಿವೃತ್ತ ಎಂಜಿನಿಯರರು, ಹಣೆಗೆ ವಿಭೂತಿ, ಮಾತು ಮೆತ್ತಗೆ. ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡಿದ್ದರು.

"ಹೋದ ವಾರ ಮೂರರಲ್ಲೊಂದು ಪಾಲು ಎಂದಿರಿ. ಈ ವಾರ ಎಲ್ಲರೂ ಎನ್ನುತ್ತೀರಿ. ನಾವು ಯಾವುದನ್ನು ನಂಬಬೇಕು?"

"ಹೋದ ವಾರದ್ದು ನನ್ನ ತಪ್ಪು," ಎಂದೆ. ಇಪ್ಪತ್ತೆರಡು ವರ್ಷಗಳಲ್ಲಿ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅಂದುಕೊಂಡಷ್ಟು ನೋಯಲೂ ಇಲ್ಲ. ಪಾಡಿನ ವಿಷಯ ಹೇಳಿದೆ, ನಾನು ಹೋದ ಮೂರು ದಿನಗಳ ವಿಷಯ ಹೇಳಿದೆ. ಒಬ್ಬ ಸದಸ್ಯರು ನಕ್ಕರು.

"ಮುಂದಿನ ವಾರ ಮತ್ತೆ ಬದಲಾಗುವುದೋ?"

"ಆಗಬಹುದು. ಇನ್ನೂ ಹೆಚ್ಚಾಗುತ್ತದೆ. ಅಲ್ಲಿಗೆ ಹೋದಷ್ಟೂ ಹೆಚ್ಚಾಗುತ್ತದೆ, ಕಡಿಮೆಯಾದದ್ದನ್ನು ನಾನು ನೋಡಲಿಲ್ಲ."

ತಪ್ಪನ್ನು ಬರೆದುಕೊಡುತ್ತೀರಾ ಎಂದು ಅಧ್ಯಕ್ಷರು ಕೇಳಿದರು. ಅಲ್ಲೇ ಬರೆದು ಸಹಿ ಹಾಕಿದೆ. ಅವರು ಅದನ್ನು ನಿಧಾನವಾಗಿ ಓದಿ, ಕನ್ನಡಕ ತೆಗೆದರು. "ಉತ್ತರದ ಕವಲಿನ ಕಡತ ಇನ್ನೂ ನಮ್ಮಲ್ಲಿದೆ. ಅದನ್ನು ತಡೆಯುತ್ತೇನೆ. ದಕ್ಷಿಣದ್ದು ಬುಧವಾರವೇ ಮೇಲಕ್ಕೆ ಹೋಯಿತು, ನಿಮ್ಮ ಮೊದಲ ವರದಿಯ ಜತೆಯಲ್ಲಿ. ಅದು ಇನ್ನು ನಮ್ಮ ಕೈಯಲ್ಲಿಲ್ಲ."

ಮೆಟ್ಟಿಲಿಳಿಯುವಾಗ ವರದ ನನ್ನ ತೋಳು ಹಿಡಿದುಕೊಂಡಿದ್ದ.

ಹಿನ್ನೀರು, ಕೊನೆಯ ದಿನ

ಹೊರಡುವ ಹಿಂದಿನ ದಿನ ಬೆಳಿಗ್ಗೆ ಹೋದೆ. ಹೇಳದೆ ರೈಲು ಹತ್ತಿಬಿಡಬಹುದಿತ್ತು. ಹಾಗೆ ಮಾಡಲು ಮನಸ್ಸು ಬರಲಿಲ್ಲ. ಕನ್ನಿಯಮ್ಮ ದಕ್ಷಿಣದ ಕವಲಿನ ದಡದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ಆರುಮುಗಂನ ಕೈಲಿ ಎಲ್ಲ ಹೇಳಿಸಿದೆ: ದೊಡ್ಡ ಕವಲು ಉಳಿಯಬಹುದು, ಇದು ಹೋಗುತ್ತದೆ, ಹೋಗುವುದು ನಾನು ಮೊದಲು ಬರೆದ ಕಾಗದದಿಂದ. ಕೊನೆಯ ಮಾತನ್ನು ಅವನು ಹೇಳದೆ ನುಂಗಿದನೆಂದು ಅನುಮಾನ ಬಂದು ನಾನೇ ನನ್ನ ಎದೆ ಮುಟ್ಟಿಕೊಂಡು, "ನಾನ್, ನಾನ್" ಎಂದೆ.

ಅವಳು ಬುಟ್ಟಿಯನ್ನು ನೀರಿನಿಂದ ಎತ್ತಿ ಜಾಡಿಸಿದಳು. ಬಯ್ದಿದ್ದರೆ ಹಗುರಾಗುತ್ತಿತ್ತು. "ಎಪ್ಪೋ?" ಎಂದಳು. ಯಾವಾಗ?

ಅದು ನನ್ನ ಯಾವ ಕಾಗದದಲ್ಲೂ ಇರಲಿಲ್ಲ.

ಅವಳು ಸೀರೆ ಎತ್ತಿಕಟ್ಟಿ, ಬುಟ್ಟಿ ಹಲ್ಲಿನಲ್ಲಿ ಕಚ್ಚಿಕೊಂಡು ನೀರಿಗಿಳಿದಳು. ನಾನು ಅವತ್ತು ಹೂತುಕೊಂಡಿದ್ದ ಜಾಗದ ಸುತ್ತ ಸುತ್ತ ಕೈಯಾಡಿಸಿದಳು. ಬಿಸಿಲು ಏರಿತು. ಆರುಮುಗಂ ಸಾಕು ಎಂದು ಕೂಗಿದರೂ ಕೇಳಲಿಲ್ಲ. ಕೊನೆಗೆ ಕೈ ಭುಜದವರೆಗೆ ಇಳಿಯಿತು, ಮುಖ ಒಂದು ಕ್ಷಣ ನೀರು ಮುಟ್ಟಿತು, ಮೇಲೆ ಬಂದಾಗ ಕೈಯಲ್ಲಿ ನನ್ನ ಕೊಲ್ಲಾಪುರಿ ಇತ್ತು.

"ಮಣ್ಣು ಬಿದ್ದಮೇಲೆ ಸಿಗಲ್ಲ ಅಂತಾಳೆ ಸಾರ್," ಎಂದ ಆರುಮುಗಂ. "ನಿಮ್ಮದು ನಿಮಗೆ."

ಟಯರ್ ತಳದ ತುಂಬ ಅಕ್ಕಿಕಾಳಿನಷ್ಟು ಬಿಳಿ ಚಿಪ್ಪುಗಳು ಹತ್ತಿಕೊಂಡಿದ್ದವು. ಉಂಗುಷ್ಟದೊಳಗಿಂದ ಒಂದು ಏಡಿಮರಿ ಹೊರಬಿದ್ದು ಓಡಿತು. ನನ್ನ ಲೆಕ್ಕದಲ್ಲಿ ಕೆಸರಿಗೆ ಬಿದ್ದ ಚಪ್ಪಲಿ ಎಂದರೆ ಪೂರ್ತಿ ನಷ್ಟ. ಇಲ್ಲಿ ಮೂರು ವಾರದೊಳಗೆ ಅದರ ಮೇಲೆ ಒಂದು ಊರೇ ಎದ್ದಿತ್ತು.

ಸುಶೀಲೆ ಅದನ್ನು ಕಂಡು ಹಿತ್ತಲಿಗೆ ಓಡಿದಳು, ಬಯ್ಯಲಿಕ್ಕಲ್ಲ, ಹಳೆಯ ಬಕೆಟು ತರಲು. ಆರುಮುಗಂ ಒಂದು ಕ್ಯಾನಿನಲ್ಲಿ ತುಂಬಿಕೊಟ್ಟಿದ್ದ ಹಿನ್ನೀರು ಸುರಿದು ಚಪ್ಪಲಿ ಮುಳುಗಿಸಿದೆವು. ಸ್ವಲ್ಪ ಹೊತ್ತಿಗೆ ಒಂದು ಚಿಪ್ಪು ಬಾಯಿ ತೆರೆಯಿತು. ಕೂದಲೆಳೆಯಂಥ ಸಣ್ಣ ಕೈಯೊಂದು ಹೊರಗೆ ಬಂದು ನೀರನ್ನು ಬಾಚಿಕೊಂಡು ಒಳಗೆ ಹೋಯಿತು. ಆಮೇಲೆ ಇನ್ನೊಂದು, ಆಮೇಲೆ ಎಲ್ಲವೂ. ಮೂವರೂ ಬಕೆಟಿನ ಸುತ್ತ ಕುಕ್ಕರುಗಾಲಲ್ಲಿ ಕೂತು ನೋಡಿದೆವು. ಸುಶೀಲೆ ಮಡಿಯಲ್ಲಿದ್ದಳು, ಅದು ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ.

ಗುಂತಕಲ್ಲು

ಚಪ್ಪಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ರೈಲು ಹತ್ತಿದೆ. ಅವು ಒಣಗಬಾರದೆಂದು ನಿಲ್ದಾಣ ನಿಲ್ದಾಣಕ್ಕೂ ಇಳಿದು ನಲ್ಲಿಯ ನೀರು ಹನಿಸಿದೆ. ಗುಂತಕಲ್ಲಿನಲ್ಲಿ ಬಿಚ್ಚಿ ನೋಡಿದರೆ ಎಲ್ಲ ಬಾಯಿ ಮುಚ್ಚಿದ್ದವು, ಮತ್ತೆ ತೆರೆಯಲಿಲ್ಲ. ಉಪ್ಪುನೀರಿನ ಜೀವಕ್ಕೆ ಸಿಹಿನೀರು ಸಾವೆಂದು ಆಮೇಲೆ ವರದ ಬರೆದು ತಿಳಿಸಿದ. ಒಳ್ಳೆಯದೆಂದೇ ಮಾಡಿದ್ದೆ.

ಅದೇ ಪತ್ರದಲ್ಲಿ ಉಳಿದ ಸುದ್ದಿಯೂ ಇತ್ತು. ನಕ್ಷೆಯಲ್ಲಿ ಉತ್ತರದ ಕವಲಿನ ಮೇಲಿದ್ದ 'ಉಪಯೋಗವಿಲ್ಲದ ಜೌಗು' ಎಂಬ ಮಾತನ್ನು ಹೊಡೆದುಹಾಕಿದ್ದಾರೆ. ಮೂರು ಗುಂಪುಗಳೂ ಸರದಿಯಂತೆ ಅಲ್ಲಿ ಬಲೆ ಹಾಕುತ್ತಿವೆ. ದಕ್ಷಿಣದ ಕವಲಿಗೆ ಮಣ್ಣು ಬಿತ್ತು, ಅಲ್ಲೀಗ ಲಾ‌ರಿಗಳು ನಿಲ್ಲುತ್ತವೆ. ಕನ್ನಿಯಮ್ಮ ಎರಡು ಮೈಲಿ ಹೆಚ್ಚು ನಡೆದು ಉತ್ತರಕ್ಕೆ ಹೋಗುತ್ತಾಳೆ. ಚಪ್ಪಲಿ ಹೇಗಿದೆ ಎಂದು ಕೇಳಿದಳಂತೆ.

ಈಗ ಯಾವ ಸುಟ್ಟ ಅಂಗಡಿಗೆ ಹೋದರೂ ನಿನ್ನೆ ಇಲ್ಲಿ ಯಾರಿದ್ದರು, ಏನು ಮಾಡುತ್ತಿದ್ದರು ಎಂದು ಮೊದಲು ಕೇಳುತ್ತೇನೆ. ಸಹೋದ್ಯೋಗಿಗಳು ಮುದುಕನಾದೆ ಎನ್ನುತ್ತಾರೆ. ಬಲಗಾಲಿನ ಚಪ್ಪಲಿಯನ್ನು ಹೆಂಡತಿ ಯಾರಿಗೋ ಕೊಟ್ಟಳು. ಎಡಗಾಲಿನದನ್ನು ಮುಟ್ಟಲು ನಾನು ಬಿಟ್ಟಿಲ್ಲ, ಅದು ನನ್ನ ಕಚೇರಿಯ ಮೇಜಿನ ಮೇಲಿದೆ. ಆ ಸಣ್ಣ ಕವಲಿನದು ಎಂದು ಈ ಭೂಮಿಯ ಮೇಲೆ ಉಳಿದಿರುವುದು ಅದೊಂದೇ.